ಲ್ಯಾಮಿನೇಷನ್ ಆಯ್ತು, ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು

ನನ್ನ ಟ್ರಾನ್ಸ್‌ಜೆಂಡರ್ ಗುರುತಿನ ಕಾರ್ಡ್ ಬಂತು ಕಣ್ರಪ್ಪಾ. ಸೋಮವಾರ ಬೆಳಗ್ಗೆ ಅಂಗಡಿ ಶಟರ್ ಎತ್ತಿ, ಊದಿನಕಡ್ಡಿ ಹಚ್ಚಿ, ಸಿಸ್ಟಂ ಆನ್ ಮಾಡಿ, ದಿನಾ ನೋಡೋ ಚಟಕ್ಕೆ ಪೋರ್ಟಲ್ ಓಪನ್ ಮಾಡಿದ್ರೆ ಸ್ಟೇಟಸ್ ಬದಲಾಗಿತ್ತು, ಡೌನ್‌ಲೋಡ್ ಬಟನ್ ಬಂದಿತ್ತು, ನಾನು ಅದನ್ನ ಒತ್ತೋ ಬದಲು ಹೊರಗೆ ಹೋಗಿ ಒಂದು ಚಾ ಕುಡ್ದು ಬಂದೆ. ಯಾಕೆ ಅಂತ ಕೇಳ್ಬೇಡಿ.

ಐದು ವರ್ಷದಿಂದ ಈ ಜೆರಾಕ್ಸ್ ಅಂಗಡಿಯಲ್ಲಿ ದಾವಣಗೆರೆ ಜನರ ಆಧಾರ್, ರೇಷನ್ ಕಾರ್ಡ್, ಮಾರ್ಕ್ಸ್ ಕಾರ್ಡ್ ಎಲ್ಲ ಲ್ಯಾಮಿನೇಷನ್ ಮಾಡಿರೋ ಕೈ ಇದು, ಕಣ್ಣು ಮುಚ್ಕೊಂಡು ಮಾಡ್ತೀನಿ. ನನ್ನ ಕಾರ್ಡ್ ಬಂದಾಗ ಪೌಚ್ ಸೊಟ್ಟ ಹೋಯ್ತು, ಮೊದಲನೇದು ಗುಳ್ಳೆ ಎದ್ದು ವೇಸ್ಟು. ಓನರ್ ಎದ್ದು ಬಂದ್ರು, ಏನೂ ಮಾತಾಡ್ಲಿಲ್ಲ, ಇನ್ನೊಂದು ಪ್ರಿಂಟ್ ತೆಗೆದು ತಾವೇ ಮಷೀನಿಗೆ ಹಾಕಿದ್ರು, ಬಿಸಿ ಆರೋ ತನಕ ಲೆಡ್ಜರ್ ಕೆಳಗೆ ಇಟ್ಟು, ಆಮೇಲೆ ಕತ್ತರಿ ತಗೊಂಡು ನಾಲ್ಕೂ ಮೂಲೆ ರೌಂಡಾಗಿ ಕತ್ತರಿಸಿ, ಜೇಬಿಗೆ ಚುಚ್ಚಬಾರದಲ್ಲ ಅಂದ್ರು. ಬೇರೆ ಗಿರಾಕಿಗಳಿಗೆ ಯಾರಿಗೂ ಅವರು ಮೂಲೆ ಕತ್ತರಿಸಿದ್ದು ನಾನಂತೂ ನೋಡಿಲ್ಲ.

ಥ್ಯಾಂಕ್ಸ್ ಹೇಳೋ ಮೊದ್ಲು ಒಂದು ಸ್ವಲ್ಪ ಹೇಳ್ಬೇಕು, ಗೊತ್ತಿಲ್ಲದೋರೂ ಓದ್ತಿರ್ತೀರ. ನಾನು ಹುಟ್ಟಿದ್ದು ಹುಡುಗಿ ಅಂತ, ಬೆಳೆದಿದ್ದು ಚಿತ್ರದುರ್ಗದ ಹತ್ತಿರ ಒಂದು ಹಳ್ಳಿಲಿ, ಒಳಗೆ ಯಾವತ್ತೂ ಹುಡುಗಿ ಆಗಿರ್ಲಿಲ್ಲ. ನಮ್ಮ ಕಡೆ ಗಂಡಾಗಿ ಹುಟ್ಟಿ ಯಲ್ಲಮ್ಮನ ಸೇವೆಗೆ ಸೀರೆ ಉಟ್ಟ ಜೋಗಪ್ಪ, ಜೋಗತಿ ಅಂದ್ರೆ ಎಲ್ಲರಿಗೂ ಗೊತ್ತು, ಕೈ ಮುಗಿತಾರೆ, ಆಮೇಲೆ ಮನೆ ಬಾಡಿಗೆ ಕೇಳಿದ್ರೆ ಬಾಗಿಲು ಹಾಕ್ತಾರೆ, ಅದು ಬೇರೆ ಮಾತು. ಆದ್ರೆ ನನ್ನಂಥೋರಿಗೆ ಊರಲ್ಲಿ ಒಂದು ಪದನೇ ಇರ್ಲಿಲ್ಲ. ಇದ್ದಿದ್ದು ಒಂದೇ, ಗಂಡುಬೀರಿ. ಅದು ಬೈಗುಳ. ಚಿಕ್ಕವಯಸ್ಸಲ್ಲಿ ಅದನ್ನ ಕೇಳಿ ಒಳಗೊಳಗೇ ಸ್ವಲ್ಪ ಖುಷಿ ಆಗ್ತಿತ್ತು, ಅರ್ಧ ಪದ ಆದ್ರೂ ಸರಿ ಐತಲ್ಲ ಅಂತ.

ಕನ್ನಡದಲ್ಲಿ ಒಂದು ಪುಣ್ಯ ಐತೆ, ಯೋಚನೆ ಮಾಡಿದೀರೋ ಇಲ್ವೋ. ‘ನಾನು’ ಅನ್ನೋದಕ್ಕೆ ಗಂಡು ಹೆಣ್ಣು ಇಲ್ಲ. ಬಂದೆ, ನೋಡಿದೆ, ತಿಂದೆ, ಮಲಗಿದೆ, ಅಷ್ಟೇ. ಹಿಂದಿಯೋರಿಗೆ ಈ ಸೌಲಭ್ಯ ಇಲ್ಲ ಪಾಪ, ಬಾಯಿ ತೆಗೆದ್ರೆ ಜಾತಾ ಹೂಂ, ಜಾತೀ ಹೂಂ. ನಾವು ಸಿಕ್ಕಿಬೀಳೋದು ಬೇರೆಯವರು ನಮ್ಮ ಬಗ್ಗೆ ಮಾತಾಡೋವಾಗ: ಬಂದ್ಲು, ಬಂದ. ಆ ಒಂದು ಅಕ್ಷರ ಕೇಳ್ಕೊಂಡೇ ಇಷ್ಟು ವರ್ಷ ಕಳೆದಿದ್ದು ನಾನು.

ಅದಕ್ಕೇ ಫೋನಲ್ಲಿರೋ ಹಕ್ಕಿ ನೋಡೋರ ಗ್ರೂಪು ನನಗೆ ಸೇಫ್ ಆಗಿತ್ತು. 2020ರ ಲಾಕ್‌ಡೌನಲ್ಲಿ ಸೇರಿದ್ದು, ಕುಂದವಾಡ ಕೆರೆ ಪಕ್ಕ ಹೋಗಿ ಮೊಬೈಲಲ್ಲಿ ಮಬ್ಬು ಮಬ್ಬಾಗಿ ಒಂದು ಫೋಟೋ ಹೊಡ್ದು ‘ಕರಿ ಬಾತುಕೋಳಿ ನೋಡಿದೆ’ ಅಂತ ಹಾಕಿದ್ದೆ. ಗ್ರೂಪಿನ ಮೇಷ್ಟ್ರು ಎರಡೇ ನಿಮಿಷಕ್ಕೆ ಬಂದ್ರು. ಬಾತುಕೋಳಿ ಅಲ್ಲಪ್ಪ ಅದು ನಾಮದ ಕೋಳಿ, ಹಣೆ ನೋಡು ಬೆಳ್ಳಗೆ ನಾಮ ಐತೆ, ಕಾಲು ಕಂಡಿದ್ರೆ ಗೊತ್ತಾಗ್ತಿತ್ತು, ಬಾತುಕೋಳಿ ಥರ ಜಾಲ ಇರಲ್ಲ, ಒಂದೊಂದು ಬೆರಳಿಗೂ ಬೇರೆ ಬೇರೆ ಎಲೆ ಅಂಟಿಸಿದ ಹಾಗೆ ಇರ್ತದೆ. ಅಷ್ಟು ದೊಡ್ಡ ಮೆಸೇಜಲ್ಲಿ ಅವರು ‘ಅಪ್ಪ’ ಅಂದಿದ್ದೇ ಕಣ್ಣಿಗೆ ಬಿತ್ತು ನನಗೆ. ನಮ್ಮ ಊರಲ್ಲಿ ಎಲ್ಲರಿಗೂ ಅಪ್ಪ ಅಂತಾರೆ ಅಂತ ಗೊತ್ತು, ಆದ್ರೂ. ಅವತ್ತಿಂದ ಗ್ರೂಪಲ್ಲಿ ನನ್ನ ಹೆಸರು ನಾಮ. ಎರಡು ವರ್ಷ ನೋಡಿದೆ, ಕೇಳಿದೆ, ಹೋದೆ ಅಂತ ಬರ್ಕೊಂಡೇ ಇದ್ದೆ, ಯಾರೂ ನೀನು ಯಾರು ಏನು ಅಂತ ಕೇಳ್ಲಿಲ್ಲ, ಅವರು ಕೇಳಿದ್ದೆಲ್ಲ ಹಕ್ಕಿ ಯಾವ ಕಡೆ ಹಾರ್ತು, ಎಷ್ಟು ಹೊತ್ತಿಗೆ, ಒಂದೇನಾ ಜೋಡಿನಾ ಅಂತ.

ಆಮೇಲೆ ನಾನೇ ಒಂದಿನ ರಾತ್ರಿ ಬರೆದೆ, ಎಲ್ಲಾ. ಕಳಿಸಿ ಫೋನ್ ದಿಂಬಿನ ಕೆಳಗೆ ಇಟ್ಟೆ. ಒಂದು ಗಂಟೆ ಯಾರದ್ದೂ ಸದ್ದಿಲ್ಲ. ಕೊನೆಗೆ ಮೇಷ್ಟ್ರದ್ದು ಬಂತು: ‘ಸರಿ. ಭಾನುವಾರ ಬೈನಾಕ್ಯುಲರ್ ನೀನೇ ಹೊರಬೇಕು, ನನಗೆ ಮಂಡಿ ನೋವು.’ ಇಬ್ಬರು ಏನೇನೋ ಹಾಕಿದ್ರಂತೆ, ನಾನು ನೋಡೋದ್ರೊಳಗೆ ಅಡ್ಮಿನ್ ಡಿಲೀಟ್ ಮಾಡಿ ಕೆರೆಯ ನೀರಿನ ಮಟ್ಟದ ಫೋಟೋ ಹಾಕಿ ಮಾತು ಬದಲಾಯಿಸಿದ್ರು. ಅಡ್ಮಿನ್ ಅಕ್ಕಾ, ಆ ಫೋಟೋ ಹಳೇದು ಅಂತ ನನಗೆ ಅವತ್ತೇ ಗೊತ್ತಾಯ್ತು. ಥ್ಯಾಂಕ್ಸ್.

ಒಬ್ಬ ಸಣ್ಣ ಹುಡುಗ ಮಾತ್ರ ಪ್ರೀತಿಯಿಂದ ದೇವನಕ್ಕಿ ಬಗ್ಗೆ ಹೇಳಿದ: ಅದರಲ್ಲಿ ಗಂಡೇ ಕಾವು ಕೂರೋದು, ಮರಿ ನೋಡ್ಕೊಳ್ಳೋದು, ಹೆಣ್ಣು ಸೈಜಲ್ಲೂ ದೊಡ್ಡದು, ಪ್ರಕೃತಿಲೇ ಹಿಂಗೈತೆ ಅಣ್ಣ ಅಂತ. ಮಾಹಿತಿ ಸರಿನೇ ಕಣೋ. ಆದ್ರೆ ದೇವನಕ್ಕಿ ಗಂಡು ಗಂಡಾಗೇ ಐತೆ, ಮನೆಕೆಲಸ ಮಾಡ್ತೈತೆ ಅಷ್ಟೇ, ನನಗೂ ಅದಕ್ಕೂ ಸಂಬಂಧ ಇಲ್ಲ. ಅಣ್ಣ ಅಂದ್ಯಲ್ಲ, ಅದು ಸಾಕಿತ್ತು.

ಕಾರ್ಡಿನ ಕಥೆ ಜಾಸ್ತಿ ಎಳೆಯಲ್ಲ. 2014ರಲ್ಲಿ ನಮ್ಮಂಥೋರ ಗುರುತಿನ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು, 2019ರ ಟ್ರಾನ್ಸ್‌ಜೆಂಡರ್ ಕಾಯ್ದೆ, 2020ರಲ್ಲಿ ನಿಯಮ, ಅದೇ ವರ್ಷ ನವೆಂಬರಲ್ಲಿ ಪೋರ್ಟಲ್. ಆ ನಿಯಮದಲ್ಲಿ ಜಿಲ್ಲಾಧಿಕಾರಿ 30 ದಿನದೊಳಗೆ ಸರ್ಟಿಫಿಕೇಟ್ ಕೊಡಬೇಕು, ಅಫಿಡವಿಟ್ ಸಾಕು, ಡಾಕ್ಟರ್ ಪರೀಕ್ಷೆ ಬೇಡ ಅಂತಿತ್ತು. ಆದ್ರೂ ನನ್ನ ಫೈಲ್ ತಿಂಗಳುಗಟ್ಟಲೆ ಕೂತಿತ್ತು, ಒಂದು ಕೌಂಟರಲ್ಲಿ ಡಾಕ್ಟರ್ ಲೆಟರ್ ತಗೊಂಬಾ ಅಂದ್ರು, ನಾನು ಆ ನಿಯಮದ ಪ್ರಿಂಟ್ ತೆಗೆದು ಕೊಟ್ಟೆ. ಜೆರಾಕ್ಸ್ ಅಂಗಡಿಯೋನ ಹತ್ರ ಪೇಪರ್ ಆಟ ಆಡಬಾರದು. ಅಫಿಡವಿಟ್ ಮಾಡಿಕೊಟ್ಟ ಲಾಯರ್ ಮೇಡಂ ಫೀಸ್ ತಗೊಳ್ಲಿಲ್ಲ, ಬದಲಿಗೆ ಮುನ್ನೂರು ಪೇಜ್ ಜೆರಾಕ್ಸ್ ಫ್ರೀ ಮಾಡಿಸ್ಕೊಂಡ್ರು, ಲೆಕ್ಕ ಚುಕ್ತಾ. ಸರ್ಜರಿ ಆಯ್ತಾ ಇಲ್ವಾ ಅಂತ ಇನ್‌ಬಾಕ್ಸಲ್ಲಿ ಕೇಳೋರಿಗೆ: ನಿಮ್ಮ ಹರ್ನಿಯಾ ಆಪರೇಷನ್ ಬಗ್ಗೆ ನಾನು ಕೇಳಿದೀನಾ?

ಮನೆ ಓನರ್ ಅಜ್ಜಿಗೆ. ಹಿಂದಿನ ಮನೆಯಿಂದ ರಾತ್ರೋರಾತ್ರಿ ಬಟ್ಟೆ ಗಂಟು ಹೊತ್ಕೊಂಡು ಬಂದಾಗ ಅವರು ಕೇಳಿದ್ದು ಎರಡೇ, ಅಡ್ವಾನ್ಸ್ ಎಷ್ಟು ಕೊಡ್ತೀಯ, ಮೋಟರ್ ಆಫ್ ಮಾಡೋದು ಮರೀತೀಯಾ.

ಅಮ್ಮ. 2021ರ ನವೆಂಬರಲ್ಲಿ ಮಂಜಮ್ಮ ಜೋಗತಿ ರಾಷ್ಟ್ರಪತಿ ಭವನದಲ್ಲಿ ಸೆರಗಿಂದ ದೃಷ್ಟಿ ತೆಗೆದು ಪದ್ಮಶ್ರೀ ತಗೊಂಡ್ರಲ್ಲ, ಆ ವಿಡಿಯೋನ ಅಮ್ಮ ಟಿವಿಲಿ ನೋಡಿ, ಏಳು ತಿಂಗಳು ಫೋನ್ ಮಾಡದೋಳು ಫೋನ್ ಮಾಡಿದ್ಲು. ಮಾಡಿ ಆ ವಿಷಯ ಎತ್ಲಿಲ್ಲ, ಶೇಂಗಾ ರೇಟ್ ಬಗ್ಗೆ ಮಾತಾಡಿದ್ಲು. ಇವತ್ತಿಗೂ ನನ್ನ ಮಗ ಅಂತ ಅಂದಿಲ್ಲ. ಆದ್ರೆ ಮೊದಲು ಬಾರೇ, ಕಣೇ ಅಂತಿದ್ದೋಳು ಈಗ ಆ ‘ಏ’ ಬಿಟ್ಟಿದಾಳೆ. ಬಾ. ಉಣ್ಣು. ಮಲ್ಕೋ. ಬಾಲ ಇಲ್ಲದ ಮಾತು, ಮಿಲಿಟರಿ ಆರ್ಡರ್ ಥರ. ಅಷ್ಟಕ್ಕೇ ಅವಳು ಎಷ್ಟು ಕಷ್ಟ ಪಡ್ತಾಳೆ ಅಂತ ಫೋನಲ್ಲೇ ಕೇಳಿಸ್ತದೆ, ಮಧ್ಯ ಮಧ್ಯ ತಡವರಿಸ್ತಾಳೆ.

ಶಕ್ತಿ ಯೋಜನೆ ಶುರುವಾದ ಜೂನಲ್ಲಿ ಅವಳನ್ನ ನೋಡೋಕೆ ಹೋಗ್ತಾ ಬಸ್ಸಲ್ಲಿ ಸುತ್ತ ಹೆಂಗಸರಿಗೆಲ್ಲ ಫ್ರೀ ಟಿಕೆಟ್ ಹರಿದು ಕೊಟ್ಟ ಕಂಡಕ್ಟರ್ ನನ್ನ ಹತ್ರ ಬಂದು ‘ಎಲ್ಲಿಗಣ್ಣ?’ ಅಂದ. ದುರ್ಗ ಅಂತ ದುಡ್ಡು ಕೊಟ್ಟೆ. ಲಿಂಗತ್ವ ಅಲ್ಪಸಂಖ್ಯಾತರಿಗೂ ಫ್ರೀ ಐತಲ್ಲೋ ದಡ್ಡ ಅಂತ ಫ್ರೆಂಡ್ ಬೈದ. ಇರಲಿ ಬಿಡು, ಜೀವನದಲ್ಲಿ ಅಷ್ಟು ಖುಷಿಯಾಗಿ ಟಿಕೆಟ್ ತಗೊಂಡಿಲ್ಲ, ಆ ಚೀಟಿ ಇನ್ನೂ ಪರ್ಸಲ್ಲೈತೆ, ಅಕ್ಷರ ಎಲ್ಲ ಅಳಿಸಿಹೋಗಿ ಬಿಳಿ ಪೇಪರ್ ಆಗೈತೆ.

ಅಂಗಡಿ ಓನರ್ ವಿಷಯ ಅರ್ಧಕ್ಕೆ ಬಿಟ್ಟೆ. ಎರಡು ವರ್ಷದ ಹಿಂದೆ, ನಾನು ಅವರಿಗೆ ಇನ್ನೂ ಏನೂ ಹೇಳಿರ್ಲಿಲ್ಲ, ಕೂದಲು ಕತ್ತರಿಸಿದ್ದೆ ಅಷ್ಟೇ. ಯಾರೋ ಫೋನಲ್ಲಿ ಬೈಂಡಿಂಗ್ ಕೇಳ್ತಿದ್ರು, ಓನರ್ ನನ್ನ ಕಡೆ ನೋಡದೇನೇ ‘ನಮ್ಮ ಹುಡುಗ ಬರ್ತಾನೆ, ಕೊಟ್ಟು ಕಳಿಸ್ತೀನಿ’ ಅಂದ್ರು. ಬರ್ತಾನೆ. ನಾನು ಆ ಬೈಂಡಿಂಗ್ ತಗೊಂಡು ಮಂಡಿಪೇಟೆ ತನಕ ನಡ್ಕೊಂಡೇ ಹೋದೆ, ಗಾಡಿ ಅಂಗಡಿ ಮುಂದೇನೇ ನಿಂತಿತ್ತು, ನೆನಪೇ ಆಗ್ಲಿಲ್ಲ. ಸಾರ್, ನೀವು ಇದನ್ನ ಓದಲ್ಲ ಅಂತ ಗೊತ್ತು, ನಿಮ್ಮ ಮಗಳು ಓದಿ ಹೇಳ್ತಾಳೆ.

ಈ ಭಾನುವಾರ ಬೆಳಗ್ಗೆ ಆರೂಕಾಲಿಗೆ ಕುಂದವಾಡ ಕೆರೆ ಏರಿ ಮೇಲೆ ಸಿಗಿ, ಆಮೇಲೆ ಬೆಣ್ಣೆ ದೋಸೆ ನನ್ನದು, ಒಬ್ಬರಿಗೆ ಎರಡೇ, ಮೂರನೇದು ಅವರವರ ಖರ್ಚು. ಕಾರ್ಡ್ ತೋರ್ಸು ಅಂತ ಯಾರೂ ಕೇಳ್ಬೇಡಿ, ಫೋಟೋ ಕೆಟ್ಟದಾಗಿ ಬಂದೈತೆ. ಮೇಷ್ಟ್ರೇ, ಬೈನಾಕ್ಯುಲರ್ ನಾನೇ ಹೊರ್ತೀನಿ.