ಗೋಧಿ ಬಿಡುವ ಮೊದಲೇ ರಕ್ತ ಪರೀಕ್ಷೆ ಆಗಲಿ

ಮಾನ್ಯ ಸಂಪಾದಕರೇ,

ಹೊಟ್ಟೆಯುಬ್ಬರ, ಪದೇ ಪದೇ ಭೇದಿ, ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್, ಇಂಥ ತೊಂದರೆ ಇರುವವರಿಗೆ ‘ಒಂದೆರಡು ತಿಂಗಳು ಗೋಧಿ ಬಿಟ್ಟು ನೋಡಿ, ಆಮೇಲೆ ಬೇಕಾದರೆ ಟೆಸ್ಟ್ ಮಾಡಿಸಿ’ ಎಂದು ಸಲಹೆ ಕೊಡುವವರು ನಮ್ಮ ಜಿಲ್ಲೆಯಲ್ಲೂ ಹೆಚ್ಚಾಗಿದ್ದಾರೆ. ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದ ನನಗೆ ಈ ಸಲಹೆ ತಿರುವುಮುರುವಾಗಿ ಕಾಣುತ್ತದೆ.

ಇಂಥ ತೊಂದರೆಗಳ ಹಿಂದೆ ಇರಬಹುದಾದ ಸೀಲಿಯಾಕ್ ಕಾಯಿಲೆ ಅಲರ್ಜಿಯಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಹೊಟ್ಟೆಗೆ ಹೋದಾಗ, ಇದಕ್ಕೆ ಒಲವಿರುವ ವಂಶವಾಹಿ ಉಳ್ಳ ಕೆಲವರಲ್ಲಿ ರೋಗನಿರೋಧಕ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುತ್ತದೆ. ಆಹಾರದ ಸಾರವನ್ನು ಹೀರುವ ಒಳಪದರದ ಸೂಕ್ಷ್ಮ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಮಂಗನ ಕಾಯಿಲೆಯ ದೆಸೆಯಿಂದ ಮಲೆನಾಡಿಗರಿಗೆ ಪ್ರತಿಕಾಯದ, ಅಂದರೆ ರೋಗನಿರೋಧಕ ವ್ಯವಸ್ಥೆ ರಕ್ತದಲ್ಲಿ ಹುಟ್ಟಿಸುವ ಪ್ರೋಟೀನಿನ, ಪರೀಕ್ಷೆ ಹೊಸತೇನಲ್ಲ. ಆದರೆ ಅಲ್ಲಿ ಹುಡುಕುವುದು ಹೊರಗಿನಿಂದ ಬಂದ ವೈರಾಣುವಿನ ವಿರುದ್ಧ ಹುಟ್ಟಿದ ಪ್ರತಿಕಾಯವನ್ನು, ಇಲ್ಲಿ ದೇಹದ ಸ್ವಂತ ಕಿಣ್ವವಾದ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ವಿರುದ್ಧ ಹುಟ್ಟಿದ್ದನ್ನು. ಗ್ಲುಟೆನ್ ನಿಂತರೆ ಈ ಪ್ರತಿಕಾಯವೂ ತಿಂಗಳುಗಳಲ್ಲಿ ಇಳಿಯುತ್ತಾ ಹೋಗುತ್ತದೆ, ಕರುಳೂ ನಿಧಾನವಾಗಿ ಮಾಯುತ್ತದೆ. ರೋಗಿಗೆ ಇದು ಒಳ್ಳೆಯದೇ. ಆದರೆ ಕಾಯಿಲೆಯನ್ನು ಗುರುತಿಸುವ ಮೊದಲೇ ಹೀಗಾದರೆ ಆಮೇಲೆ ರಕ್ತವೂ ಬಯಾಪ್ಸಿಯೂ (ಕರುಳಿನ ಚೂರು ತೆಗೆದು ನೋಡುವ ಪರೀಕ್ಷೆ) ನಿಜ ಹೇಳದೆ ಹೋಗಬಹುದು.

ಪರಿಚಯದ ಮನೆಯೊಂದರ ಕಾಲೇಜು ಹುಡುಗಿಯ ವರದಿಯನ್ನು ಈಚೆಗೆ ನೋಡಿದೆ. ಟಿಟಿಜಿ-ಐಜಿಎ ಎಂಬ ಒಂದೇ ಸಾಲು, ಎದುರಿಗೆ ‘ನೆಗೆಟಿವ್’. ಟಿಟಿಜಿ ಎಂದರೆ ಮೇಲೆ ಹೇಳಿದ ಕಿಣ್ವ, ಐಜಿಎ ಎಂದರೆ ಪ್ರತಿಕಾಯಗಳ ಒಂದು ವರ್ಗ. ಆಕೆ ಚಪಾತಿ ಬಿಟ್ಟು ತಿಂಗಳುಗಳೇ ಕಳೆದಿದ್ದವು, ರಕ್ತ ತೆಗೆದವರು ಅದನ್ನು ಕೇಳಲೇ ಇಲ್ಲ. ಒಟ್ಟು ಐಜಿಎ ಪ್ರಮಾಣವನ್ನೂ ಅಳೆದಿರಲಿಲ್ಲ. ಸೀಲಿಯಾಕ್ ಇರುವವರಲ್ಲಿ ಶೇ 2–3ರಷ್ಟು ಮಂದಿಯ ದೇಹದಲ್ಲಿ ಐಜಿಎ ಸಾಕಷ್ಟು ತಯಾರಾಗುವುದಿಲ್ಲ, ಆದುದರಿಂದ ಐಜಿಎ ನೆಚ್ಚಿದ ಪರೀಕ್ಷೆ ಅಂಥವರಲ್ಲಿ ಕಾಯಿಲೆ ಇದ್ದರೂ ನೆಗೆಟಿವ್ ಎಂದು ತೋರಿಸಬಹುದು; ಅವರಿಗೆ ಐಜಿಜಿ ಎಂಬ ಇನ್ನೊಂದು ವರ್ಗದ ಪ್ರತಿಕಾಯ ನೋಡುವ ಟಿಟಿಜಿ ಅಥವಾ ಡಿಜಿಪಿ (ಗ್ಲುಟೆನ್‌ನ ಮಾರ್ಪಟ್ಟ ತುಣುಕುಗಳ ವಿರುದ್ಧದ ಪ್ರತಿಕಾಯದ) ಪರೀಕ್ಷೆ ಬೇಕಾಗುತ್ತದೆ. ಈಗ ಆ ಹುಡುಗಿ ವೈದ್ಯರ ನಿಗಾದಲ್ಲಿ ಹಲವು ವಾರ ಮತ್ತೆ ಗೋಧಿ ತಿಂದು, ಬಿಟ್ಟುಹೋಗಿದ್ದ ಹೊಟ್ಟೆನೋವನ್ನು ತಾನಾಗಿ ಕರೆಸಿಕೊಂಡು, ಪರೀಕ್ಷೆಗೆ ಹೋಗಬೇಕಾಗಿದೆ.

ಇನ್ನೊಂದು ಬಗೆಯ ವರದಿಯೂ ಕೈಗೆ ಬರುತ್ತಿದೆ. ಹಾಲು, ಶೇಂಗಾ, ಬದನೆ, ಗೋಧಿ ಎಂದು ನೂರಾರು ಪದಾರ್ಥಗಳಿಗೆ ಹಸಿರು, ಹಳದಿ, ಕೆಂಪು ಬಣ್ಣ ಬಳಿದ, ಸಾವಿರಾರು ರೂಪಾಯಿಯ ‘ಫುಡ್ ಇನ್‌ಟಾಲರೆನ್ಸ್’ ಪ್ಯಾಕೇಜ್ ಅದು. ತಿಂದ ಆಹಾರಕ್ಕೆ ಐಜಿಜಿ ಪ್ರತಿಕಾಯ ಹುಟ್ಟುವುದು ಆರೋಗ್ಯವಂತರಲ್ಲೂ ಸಹಜ, ಅದರಿಂದ ಸೀಲಿಯಾಕ್ ಇದೆಯೆಂದಾಗಲಿ ಇಲ್ಲವೆಂದಾಗಲಿ ಹೇಳಲು ಬರುವುದಿಲ್ಲ. ಬಣ್ಣದ ಪುಟಗಳಿಗೆ ದುಡ್ಡು ಸುರಿಯುವ ಮನೆಯವರೇ ಒಟ್ಟು ಐಜಿಎಗೆ ಕೆಲವು ನೂರು ಕೊಡಲು ಹಿಂದೆಮುಂದೆ ನೋಡುತ್ತಾರೆ. 

‘ಅನ್ನ, ಕಡುಬು, ಅಕ್ಕಿರೊಟ್ಟಿ ತಿನ್ನುವ ನಮಗೆಲ್ಲಿಯ ಗೋಧಿ ಕಾಯಿಲೆ’ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. 2016ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದರಲ್ಲಿ ರಕ್ತದಲ್ಲಿ ಸೀಲಿಯಾಕ್ ಪ್ರತಿಕಾಯ ಇರುವವರ ಪ್ರಮಾಣ ಉತ್ತರದಲ್ಲಿ ಶೇ 1.23, ದಕ್ಷಿಣದಲ್ಲಿ ಶೇ 0.10 ಎಂದು ಕಂಡುಬಂದಿತ್ತು. ಆದರೆ ಕಾಯಿಲೆಗೆ ಒಲವು ಕೊಡುವ ವಂಶವಾಹಿ ಎರಡೂ ಕಡೆ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಜನರಲ್ಲಿತ್ತು. ಎದ್ದು ಕಾಣುವ ವ್ಯತ್ಯಾಸವಿದ್ದದ್ದು ತಟ್ಟೆಯಲ್ಲಿ: ಗೋಧಿ ಸೇವನೆ ಉತ್ತರದಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ. ಸಕ್ಕರೆ ಕಾಯಿಲೆಗೆ ಹೆದರಿ ರಾತ್ರಿ ಊಟವನ್ನು ಚಪಾತಿಗೆ ಬದಲಿಸಿದ, ಬೆಳಿಗ್ಗೆ ರವೆ ಉಪ್ಪಿಟ್ಟು, ಸಂಜೆ ಬೇಕರಿಯ ಬನ್ನು, ರಸ್ಕು ರೂಢಿಯಾದ ಇಂದಿನ ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳಲ್ಲಿ ಆ 25 ಗ್ರಾಂ ಹಾಗೆಯೇ ಉಳಿದಿದೆಯೆಂದು ನನಗನ್ನಿಸುವುದಿಲ್ಲ. ಕಾಯಿಲೆ ಖಚಿತವಾದರೆ ಜೀವನಪೂರ್ತಿ ಪಥ್ಯ, ಅದೂ ತಂಬುಳಿಯ ಒಗ್ಗರಣೆಯವರೆಗೆ, ಏಕೆಂದರೆ ಅಂಗಡಿಯ ಇಂಗಿನಲ್ಲಿ ಸಾಮಾನ್ಯವಾಗಿ ಮೈದಾ ಬೆರೆತಿರುತ್ತದೆ. ಇಷ್ಟು ಕಟ್ಟುನಿಟ್ಟಿನ ಪಥ್ಯವನ್ನು ಅಂದಾಜಿನ ಮೇಲೆ ಯಾರಿಗೂ ಹೇರಬಾರದು, ಬೇಕಾದವರಿಗೆ ತಪ್ಪಿಸಲೂಬಾರದು.

ಕಾರಣ ತಿಳಿಯದ ರಕ್ತಹೀನತೆ ಇರುವವರು, ಬೆಳವಣಿಗೆ ಕುಂಠಿತವಾದ ಮಕ್ಕಳು, ಟೈಪ್ 1 ಮಧುಮೇಹಿಗಳು ಹಾಗೂ ಸೀಲಿಯಾಕ್ ರೋಗಿಗಳ ಒಡಹುಟ್ಟಿದವರಿಗೆ ಟಿಟಿಜಿ-ಐಜಿಎ ಮತ್ತು ಒಟ್ಟು ಐಜಿಎ ಎರಡನ್ನೂ ಒಟ್ಟಿಗೆ ಮಾಡುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ತಾಲ್ಲೂಕು ಆಸ್ಪತ್ರೆಗಳ ಮೂಲಕ ಒದಗಿಸಬೇಕು. ತಾಲ್ಲೂಕಿನಲ್ಲಿ ಯಂತ್ರವಿಲ್ಲದಿದ್ದರೂ ನಡೆಯುತ್ತದೆ, ರಕ್ತದಿಂದ ಸೀರಮ್ ಎಂಬ ತಿಳಿಭಾಗವನ್ನು ಬೇರ್ಪಡಿಸಿ ತಂಪಿನಲ್ಲಿಟ್ಟು ಜಿಲ್ಲಾ ಕೇಂದ್ರಕ್ಕೆ ಕಳುಹಿಸಬಹುದು. ಖರ್ಚಿಲ್ಲದ ಇನ್ನೊಂದು ಕೆಲಸವನ್ನು ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಪ್ರಯೋಗಾಲಯಗಳೂ ನಾಳೆಯಿಂದಲೇ ಮಾಡಬಹುದು: ಮಾದರಿ ಸಂಗ್ರಹದ ನಮೂನೆಯಲ್ಲಿ ‘ರೋಗಿ ಈಗ ಗೋಧಿ ತಿನ್ನುತ್ತಿದ್ದಾರೆಯೇ? ಬಿಟ್ಟಿದ್ದರೆ ಯಾವಾಗಿನಿಂದ?’ ಎಂಬ ಪ್ರಶ್ನೆ ಸೇರಿಸಿ, ಅದರ ಉತ್ತರವನ್ನು ವರದಿಯ ಮೇಲೂ ಮುದ್ರಿಸುವುದು.

– ನಿವೃತ್ತ ಪ್ರಯೋಗಾಲಯ ತಂತ್ರಜ್ಞ, ಸಾಗರ