ನೀನು ಕೊಟ್ಟ ಕ್ಯಾಸೆಟ್ಟಿನ ಕುರಿತು

ಪ್ರಿಯ ಗೆಳೆಯ,

ಹಾಸ್ಟೆಲ್ ಬಿಡುವ ದಿನ ನೀನು ಕೈಗಿತ್ತ 'ಕಾಲ್ ಆಫ್ ದಿ ವ್ಯಾಲಿ' ಕ್ಯಾಸೆಟ್ಟನ್ನು ನಾನು ಬಹಳ ವರ್ಷ ಹಗುರವಾಗಿಯೇ ಕಂಡಿದ್ದೆನೆಂದು ಈಗ ಒಪ್ಪಿಕೊಳ್ಳಬೇಕಾಗಿದೆ. ಶಿವಕುಮಾರ ಶರ್ಮರ ಸಂತೂರ್ ಎಂಬ ತಂತಿವಾದ್ಯ, ಹರಿಪ್ರಸಾದ ಚೌರಾಸಿಯಾರ ಕೊಳಲು, ಬ್ರಿಜ್ ಭೂಷಣ್ ಕಾಬ್ರಾರ ಗಿಟಾರ್ ಸೇರಿ 1967ರಲ್ಲಿ ಹೊರಬಂದ ಈ ಧ್ವನಿಮುದ್ರಿಕೆ, ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನವನ್ನು ಮುಂಜಾವಿನ ಅಹಿರ್ ಭೈರವದಿಂದ ಕೊನೆಯ ಪಹಾಡಿಯವರೆಗೆ ರಾಗಗಳಲ್ಲೇ ಹೇಳುತ್ತದೆ. ನಿಧಾನಗತಿಯ ಹಿಂದೂಸ್ತಾನಿ ಗಾಯನವಾದ ವಿಲಂಬಿತ ಖಯಾಲಿಗೆ ತಾಸುಗಟ್ಟಲೆ ಕೂರುತ್ತಿದ್ದ ನನ್ನ ಜಂಬಕ್ಕೆ ಅದು ಹೋಟೆಲಿನ ಮೂಲೆಯಲ್ಲಿ ಸಣ್ಣಗೆ ನುಡಿಯಬೇಕಾದ ಸಂಗೀತದಂತೆ ತೋರಿತ್ತು.

ನನ್ನ ಕಿವಿ ತೆರೆಸಿದ್ದು ಅಮ್ಮ. ಒಂದು ಬೆಳಿಗ್ಗೆ ಅವರೆಕಾಯಿ ಬಿಡಿಸುತ್ತಿದ್ದವರು ಕೈ ನಿಲ್ಲಿಸಿ, "ಇದು ನಮ್ಮ ಚಕ್ರವಾಕವಲ್ಲವೇನೋ?" ಎಂದರು. ಹಿಂದೂಸ್ತಾನಿಯ ಗಂಧವೇ ಇಲ್ಲದ ಅವರು, ಕರ್ನಾಟಕ ಸಂಗೀತದ ಚಕ್ರವಾಕ ರಾಗಕ್ಕೆ ಹೊಂದುವ ಅಹಿರ್ ಭೈರವದ ಸ್ವರಗಳನ್ನು ಗುರುತಿಸಿದ್ದಕ್ಕಿಂತ, ಆ ಭಾಗ ಮುಗಿಯುವವರೆಗೂ ಕಾಯಿಗೆ ಕೈ ಹಾಕದೆ ಕುಳಿತದ್ದು ನನ್ನನ್ನು ತಟ್ಟಿತು.

ಆಮೇಲೆ ಗಮನವಿಟ್ಟು ಕೇಳತೊಡಗಿದೆ. ಸಂತೂರಿನ ತಂತಿಯನ್ನು ಸಣ್ಣ ಮರದ ಕಡ್ಡಿಗಳಿಂದ ನುಡಿಸುವುದರಿಂದ ಸ್ವರ ಹುಟ್ಟಿದೊಡನೆಯೇ ಕರಗಲಾರಂಭಿಸುತ್ತದೆ. ಕಂಠದಂತೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು ಅದಕ್ಕೆ ಸುಲಭವಲ್ಲ. ಮೀಂಡ್, ಅಂದರೆ ಆ ಜಾರುವಿಕೆ, ಇಲ್ಲದ ವಾದ್ಯವೆಂದು ಹಿಂದೆ ಅದನ್ನು ಆಕ್ಷೇಪಿಸಿದವರೂ ಇದ್ದರು. ಶರ್ಮರು ಕಡ್ಡಿಯನ್ನು ತಂತಿಯ ಮೇಲೆ ನವಿರಾಗಿ ಜಾರಿಸಿ ನಾದವನ್ನು ಹಿಡಿದಿಡುತ್ತಾರೆ, ಅದೂ ಸಾಲದೆಡೆ ಸುಮ್ಮನಾಗುತ್ತಾರೆ. ಆಗ ತಂತಿಯ ಮೇಲೆ ಲೋಹದ ಸಲಾಕೆಯನ್ನು ಸರಿಸಿ ನುಡಿಸುವ ಕಾಬ್ರಾರ ಗಿಟಾರೋ, ಕೊಳಲೋ ಆ ಅರ್ಧಕ್ಕೇ ನಿಂತ ಮಾತನ್ನು ಎತ್ತಿಕೊಂಡು ಎಳೆಯುತ್ತದೆ. ಮೂವತ್ತರ ಆಸುಪಾಸಿನ ಮೂವರು ಕಲಾವಿದರಿಗೆ ಇಷ್ಟು ಬೇಗ ಇನ್ನೊಬ್ಬರಿಗೆ ಜಾಗ ಬಿಡುವ ವಿದ್ಯೆ ಹೇಗೆ ಬಂತೋ! ನನ್ನನ್ನು ಕಾಡುವುದು ಕಣಿವೆಯ ಚಿತ್ರವಲ್ಲ, ಕುರಿಗಾಹಿಯೂ ಅಲ್ಲ, ಆ ಬಿಟ್ಟುಕೊಡುವ ಗಳಿಗೆ. (ಅದರಲ್ಲಿನ ಪೀಲೂ ರಾಗ ಮಾತ್ರ ನನಗೆ ಇಂದಿಗೂ ತುಸು ಸಿಹಿ ಹೆಚ್ಚಾದ ಪಾಯಸ, ನೀನು ಜಗಳಕ್ಕೆ ಬರಬಹುದು.)

2022ರ ಮೇ ತಿಂಗಳಲ್ಲಿ ಶರ್ಮರು ತೀರಿಕೊಂಡ ದಿನದ ಸಂಜೆ, ಫೋನಿನಲ್ಲಿ ಎಲ್ಲವೂ ಸಿಗುವ ಕಾಲದಲ್ಲೂ, ಆ ಹಳೆಯ ಕ್ಯಾಸೆಟ್ಟನ್ನೇ ಹುಡುಕಿ ಹಾಕಿದೆ. ಭೂಪ್‌ ರಾಗದ ನಡುವೆ ರೀಲು ಸುಕ್ಕಾದ ಕಡೆ ಕೊಳಲು ಒಮ್ಮೆ ಮುಳುಗಿ ಏಳುತ್ತದೆ. ಆ ಸುಕ್ಕು ನಿನ್ನ ಕಾಲದ್ದೋ ನನ್ನ ಕಾಲದ್ದೋ, ನೆನಪಿದ್ದರೆ ಬರೆ. ಅಮ್ಮ ಮಾತ್ರ ಅದು ನಿನ್ನದೇ ಕೆಲಸವೆನ್ನುತ್ತಾರೆ.

ಇಂತಿ ನಿನ್ನ ಗೆಳೆಯ