ಅಧ್ಯಾಪಕರೂ ಕಾರ್ಖಾನೆಗೆ ಬರಲಿ

ಮಾನ್ಯ ಸಂಪಾದಕರೇ,

ವಿಶ್ವವಿದ್ಯಾಲಯಗಳು ಉದ್ಯಮಗಳ ಜತೆ ಕೈಜೋಡಿಸಿದರೆ ಉನ್ನತ ಶಿಕ್ಷಣದ ಗುಣಮಟ್ಟ ಹೆಚ್ಚುತ್ತದೆ ಎಂಬ ಮಾತು ಘಟಿಕೋತ್ಸವದ ಭಾಷಣಗಳಲ್ಲಿ ವರ್ಷವರ್ಷವೂ ಕೇಳಿಬರುತ್ತದೆ. ಯಾರೂ ಅಲ್ಲಗಳೆಯದ ಈ ಮಾತು ಇಷ್ಟು ಕಾಲವಾದರೂ ಏಕೆ ಕೈಗೂಡಿಲ್ಲ ಎಂಬ ಬಗ್ಗೆ, ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಫೌಂಡ್ರಿಯಲ್ಲಿ ಮೂವತ್ತು ವರ್ಷಗಳಿಂದ ಎರಕದ ಕೆಲಸ ನೋಡಿಕೊಂಡು ಬಂದಿರುವವನಾಗಿ ಕೆಲವು ಮಾತು ಬರೆಯುತ್ತಿದ್ದೇನೆ. ನಾನು ಓದುವಾಗ ನಮ್ಮ ಕಾಲೇಜು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿತ್ತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಸ್ಥಾಪನೆಯಾಗಿ ಅದರ ಕೇಂದ್ರ ಕಚೇರಿ ನಮ್ಮ ಊರಿಗೇ ಬಂದಾಗ, ಫೌಂಡ್ರಿಗಳೂ ಹೈಡ್ರಾಲಿಕ್ಸ್ ಘಟಕಗಳೂ ಒತ್ತೊತ್ತಾಗಿರುವ ಈ ಊರಿನಲ್ಲಿ ಇನ್ನು ತರಗತಿಗೂ ಕಾರ್ಖಾನೆಗೂ ನಡುವೆ ಓಡಾಟ ತಾನಾಗಿ ಶುರುವಾಗುತ್ತದೆ ಎಂದುಕೊಂಡಿದ್ದೆವು. ಓಡಾಟ ಶುರುವಾದದ್ದು ನಿಜ, ಆದರೆ ಹೆಚ್ಚಾಗಿ ಓಡಾಡಿದ್ದು ಕಾಗದ.

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನವರು ನಮ್ಮ ಘಟಕದೊಂದಿಗೆ ಒಡಂಬಡಿಕೆ ಮಾಡಿಕೊಂಡರು. ಶಾಲು, ಹಾರ, ಫೋಟೊ ಎಲ್ಲವೂ ಆಯಿತು, ಆ ಒಡಂಬಡಿಕೆಗೆ ಚೌಕಟ್ಟು ಹಾಕಿಸಿ ನಮ್ಮ ಮಾಲೀಕರ ಕೊಠಡಿಯಲ್ಲಿ ತೂಗುಹಾಕಿದ್ದೂ ಆಯಿತು. ಅದಾದ ಮೇಲೆ ಆ ಕಾಲೇಜಿನಿಂದ ನಮಗೆ ಬಂದ ಮುಂದಿನ ಕರೆ ಮೂರು ವರ್ಷದ ನಂತರದ್ದು: ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿ ಬರಲಿದೆ, ಜಂಟಿ ಚಟುವಟಿಕೆಗಳ ವರದಿಗೆ ಸಹಿ ಬೇಕು ಎಂದು. ಯಾವ ಚಟುವಟಿಕೆ ಎಂದು ಕೇಳಿದರೆ, ದಿನಾಂಕಗಳನ್ನು ನೀವೇ ಹೇಳಿ ಎಂದರು. ಇದರಲ್ಲಿ ಆ ಕಾಲೇಜನ್ನೊಂದೇ ದೂರಿ ಫಲವಿಲ್ಲ. ಮೌಲ್ಯಮಾಪನದಲ್ಲಿ ಒಡಂಬಡಿಕೆಗಳ ಸಂಖ್ಯೆಗೂ ಅಂಕವಿರುವಾಗ ಕಾಲೇಜುಗಳು ಒಡಂಬಡಿಕೆಗಳನ್ನು ಕೂಡಿಸಿಡುವುದು ಸಹಜವೇ.

ಇಂಟರ್ನ್‌ಶಿಪ್ಪಿನ ಕಥೆಯೂ ಹೆಚ್ಚು ಬೇರೆಯಲ್ಲ. ವಿದ್ಯಾರ್ಥಿಗಳು ಕಾರ್ಖಾನೆಗೆ ಹೋಗಲೇಬೇಕೆಂಬ ನಿಯಮ ಒಳ್ಳೆಯದೇ. ಆದರೆ ಹಾಜರಾತಿಯಿಲ್ಲದೆ ಪ್ರಮಾಣಪತ್ರ ಕೊಡಿ ಎಂದು ಕೇಳಿಕೊಂಡು ಬರುವವರನ್ನು ಪ್ರತಿ ವರ್ಷ ಬಾಗಿಲಲ್ಲೇ ವಾಪಸ್ ಕಳುಹಿಸುವುದು ನನ್ನ ಕೆಲಸದ ಒಂದು ಭಾಗವಾಗಿಬಿಟ್ಟಿದೆ. ನಿಜವಾಗಿ ಬಂದು ನಿಲ್ಲುವ ಮಕ್ಕಳೂ ಇದ್ದಾರೆ. ಅವರು ಕಬ್ಬಿಣ-ಇಂಗಾಲದ ನಕ್ಷೆಯನ್ನು ಕಣ್ಣುಮುಚ್ಚಿ ಬರೆಯಬಲ್ಲರು. ಎದುರಿಗಿರುವ ವಾಲ್ವ್ ಬಾಡಿಯಲ್ಲಿ ಬ್ಲೋ ಹೋಲ್, ಅಂದರೆ ಆವಿ ಸಿಕ್ಕಿಕೊಂಡು ಎರಕದೊಳಗೆ ಉಳಿಯುವ ಗುಳ್ಳೆ, ಏಕೆ ಬಂತು ಎಂದರೆ ಮಾತ್ರ ಸುಮ್ಮನಾಗುತ್ತಾರೆ. ತಪ್ಪು ಅವರದಲ್ಲ, ಏಕೆಂದರೆ ಅವರಿಗೆ ಕಲಿಸಿದವರಲ್ಲಿ ಹೆಚ್ಚಿನವರು ಬ್ಲೋ ಹೋಲನ್ನು ಪುಸ್ತಕದ ಚಿತ್ರದಲ್ಲಿ ಬಿಟ್ಟು ಬೇರೆಲ್ಲೂ ಕಂಡಿಲ್ಲ.

ನಾನು ಹೇಳಬೇಕಾದದ್ದು ಈ ಕೊನೆಯ ವಾಕ್ಯದ ಬಗ್ಗೆಯೇ. ಉದ್ಯಮ-ವಿಶ್ವವಿದ್ಯಾಲಯ ಸಹಯೋಗ ಎಂದರೆ ವಿದ್ಯಾರ್ಥಿಯನ್ನು ಕಾರ್ಖಾನೆಗೆ ಕಳುಹಿಸುವುದು ಎಂದಷ್ಟೇ ನಾವು ತಿಳಿದಿದ್ದೇವೆ. ವಿದ್ಯಾರ್ಥಿ ನಾಲ್ಕು ವರ್ಷಕ್ಕೆ ಹೊರಟುಹೋಗುತ್ತಾನೆ, ಅಧ್ಯಾಪಕರು ಮೂವತ್ತು ವರ್ಷ ಇರುತ್ತಾರೆ. ಕಳುಹಿಸಬೇಕಾದದ್ದು ಮೊದಲು ಅವರನ್ನು.

ಇದು ನನಗೆ ಮನದಟ್ಟಾದದ್ದು ಒಬ್ಬ ಅಧ್ಯಾಪಕಿಯಿಂದ. ಯಾರೂ ಕಳುಹಿಸದೆ, ತಮ್ಮ ರಜೆಯಲ್ಲಿ ತಾವಾಗಿಯೇ ಕೇಳಿಕೊಂಡು ಬಂದ ಅವರು ಒಂದು ಮಳೆಗಾಲದಲ್ಲಿ ಆರು ವಾರ ನಮ್ಮಲ್ಲಿದ್ದರು. ಮೊದಲ ವಾರ, ಎರಕದ ಅಚ್ಚು ಕಟ್ಟುವ ಮರಳನ್ನು ಕಲಸುವ ಯಂತ್ರದ ಪಕ್ಕದಲ್ಲಿ ಸುಮ್ಮನೆ ನಿಂತು ನೋಡಿದರು. ಎರಡನೇ ವಾರ, ಮರಳಿನ ತೇವಾಂಶವನ್ನು ದಿನಕ್ಕೆ ಎಷ್ಟು ಬಾರಿ ಅಳೆಯುತ್ತೀರಿ ಎಂದು ಕೇಳಿದರು. ಬೆಳಿಗ್ಗೆ ಪಾಳಿ ಶುರುವಾಗುವಾಗ ಒಮ್ಮೆ ಎಂದೆ. ಗಂಟೆಗೊಮ್ಮೆ ಅಳೆಯೋಣವೇ ಎಂದರು. ಅಳೆದು, ತಿರಸ್ಕೃತವಾದ ಪ್ರತಿಯೊಂದು ಎರಕವನ್ನೂ ಅದರ ಅಚ್ಚು ಕಟ್ಟಿದ ಹೊತ್ತಿನೊಂದಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋದಂತೆ, ನಾವು ವರ್ಷಗಟ್ಟಲೆ ಮಳೆಯ ಮೇಲೆ ಹಾಕುತ್ತಿದ್ದ ತಪ್ಪು ಮಳೆಯದಲ್ಲ ಎಂದು ಕಂಡುಬಂತು. ಮಧ್ಯಾಹ್ನದ ಹೊತ್ತಿಗೆ ಎರಕ ಬಿಚ್ಚಿದ ಮರಳು ತಣಿಯುವ ಮೊದಲೇ ಯಂತ್ರಕ್ಕೆ ಮರಳುತ್ತಿತ್ತು. ಬಿಸಿ ಮರಳು ನೀರು ಕುಡಿದಂತೆ ಕಂಡು ಬೇಗ ಒಣಗುತ್ತದೆ, ಆಗ ಕೆಲಸಗಾರ ಕೈಯಳತೆಯಲ್ಲಿ ಇನ್ನೊಂದಿಷ್ಟು ನೀರು ಹೊಯ್ಯುತ್ತಾನೆ. ಆ ಹೆಚ್ಚಿನ ನೀರು ಕಾದ ಲೋಹ ತಗುಲಿದೊಡನೆ ಆವಿಯಾಗಿ ಎರಕದೊಳಗೆ ಗುಳ್ಳೆ ಕಟ್ಟುತ್ತದೆ. ಮರಳನ್ನು ತಣಿಸಲು ಸ್ವಲ್ಪ ಹೆಚ್ಚು ಜಾಗ, ಸ್ವಲ್ಪ ಹೆಚ್ಚು ಹೊತ್ತು ಕೊಟ್ಟೆವು, ತಿರಸ್ಕಾರ ಕಣ್ಣಿಗೆ ಕಾಣುವಷ್ಟು ಇಳಿಯಿತು.

ನಮಗಾದ ಲಾಭ ಅಲ್ಲಿಗೆ ಮುಗಿಯಿತು. ಅವರ ತರಗತಿಗಾದ ಲಾಭ ಮುಂದೆ ಶುರುವಾಯಿತು. ಅದುವರೆಗೆ ಅವರ ಆಂತರಿಕ ಪರೀಕ್ಷೆಯಲ್ಲಿ ‘ಅಚ್ಚಿನ ಮರಳಿನ ಗುಣಗಳನ್ನು ವಿವರಿಸಿ’ ಎಂಬ ಪ್ರಶ್ನೆ ಬರುತ್ತಿತ್ತಂತೆ. ಮುಂದಿನ ಸೆಮಿಸ್ಟರಿನಲ್ಲಿ ಆ ನೋಟ್‌ಬುಕ್ಕಿನ ಒಂದು ಪುಟವನ್ನೇ ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟು, ಈ ಫೌಂಡ್ರಿಯಲ್ಲಿ ಏನು ತಪ್ಪುತ್ತಿದೆ ಎಂದು ಕೇಳಿದರು. ಮೊದಲ ಬಾರಿ ಅರ್ಧ ತರಗತಿ ಸೋತಿತು ಎಂದು ನಗುತ್ತ ಹೇಳಿದರು. ಗುಣಮಟ್ಟ ಎಂದು ನಾವು ಕರೆಯುವುದು ಬದಲಾಗುವುದು ಇಂಥ ಒಂದು ಪ್ರಶ್ನೆ ಬದಲಾದಾಗ. ಆರು ವಾರದ ಈ ಕೆಲಸಕ್ಕೆ ಅವರ ಬಡ್ತಿಯ ಕಡತದಲ್ಲಿ ಸಿಕ್ಕ ಬೆಲೆ ಮಾತ್ರ ಸೊನ್ನೆ. ಅದೇ ಆರು ವಾರದಲ್ಲಿ ಯಾರೂ ಓದದ ಪತ್ರಿಕೆಯೊಂದರಲ್ಲಿ ಒಂದು ಪ್ರಬಂಧ ಪ್ರಕಟಿಸಿದ್ದರೆ ಅಂಕ ಸಿಗುತ್ತಿತ್ತು.

ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರು ಬೆಳಿಗ್ಗೆ ವಾರ್ಡಿನಲ್ಲಿ ರೋಗಿಗಳನ್ನು ನೋಡಿ ಬಂದು ಅದೇ ರೋಗದ ಬಗ್ಗೆ ಪಾಠ ಮಾಡುತ್ತಾರೆ. ಇಪ್ಪತ್ತು ವರ್ಷ ಒಬ್ಬ ರೋಗಿಯನ್ನೂ ಮುಟ್ಟದವರು ಶಸ್ತ್ರಚಿಕಿತ್ಸೆ ಕಲಿಸಿದರೆ ನಾವು ಸುಮ್ಮನಿರುತ್ತೇವೆಯೇ? ಎಂಜಿನಿಯರಿಂಗ್‌ನಲ್ಲಿ ಸುಮ್ಮನಿದ್ದೇವೆ.

ನಮ್ಮ ನಾಡಿಗೆ ಇದು ಹೊಸ ವಿಚಾರವೇನಲ್ಲ. ಮೊದಲ ಮಹಾಯುದ್ಧದವರೆಗೆ ಮೈಸೂರಿನ ಗಂಧದ ಮರ ಎಣ್ಣೆ ತೆಗೆಯಲು ಹೆಚ್ಚಾಗಿ ಜರ್ಮನಿಗೆ ಹೋಗುತ್ತಿತ್ತು. 1914ರಲ್ಲಿ ಯುದ್ಧ ಶುರುವಾಗಿ ಆ ದಾರಿ ಮುಚ್ಚಿದಾಗ ಮೈಸೂರು ಸಂಸ್ಥಾನ ತನ್ನ ಸಮಸ್ಯೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರ ವಿಭಾಗದ ಮುಂದಿಟ್ಟಿತು. ಅಲ್ಲಿನ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಭಟ್ಟಿ ಇಳಿಸುವ ಬಗೆಯನ್ನು ರೂಪಿಸಿಕೊಟ್ಟರು, 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆಗಳು ಎದ್ದವು. ಇಂದಿಗೂ ನಮ್ಮ ಬಚ್ಚಲುಮನೆಗಳಲ್ಲಿರುವ ಮೈಸೂರು ಸ್ಯಾಂಡಲ್ ಸೋಪಿನ ಹಿಂದೆ ಆ ಎಣ್ಣೆಯಿದೆ. 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ವಿಮಾನ ಕಾರ್ಖಾನೆ ಶುರುವಾದ ಮೇಲೆ 1942ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಬಂತು. ಅಲ್ಲಿ ಪಾಠ ಹೇಳಿದ ಡಾ. ವಿ. ಎಂ. ಘಾಟಗೆಯವರೇ ಮುಂದೆ ಆ ಕಾರ್ಖಾನೆಯಲ್ಲಿ ಎಚ್‌ಟಿ-2 ತರಬೇತಿ ವಿಮಾನದ ವಿನ್ಯಾಸವನ್ನು ಮುನ್ನಡೆಸಿದರು. ಆ ವಿಮಾನ 1951ರಲ್ಲಿ ಹಾರಿತು. ಮೇಷ್ಟ್ರು ಆ ಕಡೆಗೂ ಈ ಕಡೆಗೂ ಸಲ್ಲುವವರಾಗಿದ್ದರು ಎಂಬುದನ್ನು ಗಮನಿಸಬೇಕು.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಇದೆ. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ಸರ್ಕಾರಿ ಉಪಕರಣಾಗಾರ ಹೊರಗಿನ ಗ್ರಾಹಕರಿಗೆ ಅಚ್ಚು, ಡೈ, ಬಿಡಿಭಾಗ ಮಾಡಿಕೊಟ್ಟು ಹಣ ಗಳಿಸುತ್ತದೆ, ಆ ಕೆಲಸದ ನಡುವೆಯೇ ವಿದ್ಯಾರ್ಥಿಗಳಿಗೆ ಕಲಿಸುತ್ತದೆ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷದ ಕಲಿಕೆಯ ಮೇಲೆ ಒಂದು ವರ್ಷ ಕಾರ್ಖಾನೆಯ ತರಬೇತಿ. ಕಲಿಸುವವರ ಕೈಗೂ ಗ್ರೀಸು ಹತ್ತಿರುವುದರಿಂದ ಅಲ್ಲಿಂದ ಬರುವ ಹುಡುಗರಿಗೆ ನಾವು ಮೈಕ್ರೊಮೀಟರ್ ಹಿಡಿಯುವುದನ್ನು ಹೇಳಿಕೊಡಬೇಕಾಗುವುದಿಲ್ಲ. ಡಿಪ್ಲೊಮಾದಲ್ಲಿ ಸಾಧ್ಯವಾದದ್ದು ಪದವಿಯಲ್ಲಿ ಏಕೆ ಆಗದು ಎಂಬುದಕ್ಕೆ ಪ್ರತಿಷ್ಠೆಯ ಹೊರತು ಬೇರೆ ಕಾರಣ ನನಗೆ ತೋರುವುದಿಲ್ಲ.

ಉದ್ಯಮದವರನ್ನು ತರಗತಿಗೆ ಕರೆತರುವ ಏರ್ಪಾಡನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಮಾಡಿದೆ. ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಎಂಬ ಹೆಸರಿನಲ್ಲಿ, ಕನಿಷ್ಠ 15 ವರ್ಷದ ಅನುಭವವಿರುವವರನ್ನು, ಮಂಜೂರಾದ ಹುದ್ದೆಗಳ ಶೇ 10ರ ಮಿತಿಯೊಳಗೆ ನೇಮಿಸಿಕೊಳ್ಳಬಹುದು. ಪಿಎಚ್‌ಡಿ ಕಡ್ಡಾಯವಲ್ಲ. ಸ್ವಾಗತಾರ್ಹವೇ. ಆದರೆ ಹಿರಿಯ ಹುದ್ದೆಯಲ್ಲಿದ್ದವರಿಗೆ ಆದ್ಯತೆಯಿರುವ ಈ ಯೋಜನೆಯಲ್ಲಿ, ಕುಲುಮೆಯ ಬಣ್ಣ ನೋಡಿಯೇ ಲೋಹ ಹದಕ್ಕೆ ಬಂದಿದೆಯೋ ಇಲ್ಲವೋ ಎಂದು ಹೇಳಬಲ್ಲ ನಮ್ಮ ಮೇಸ್ತ್ರಿಯನ್ನು ಯಾವ ಕಾಲೇಜು ಕರೆದೀತು? ಇದಕ್ಕೆ ಎದುರಾದ ದಾರಿ, ಅಂದರೆ ಅಧ್ಯಾಪಕರು ಕಾರ್ಖಾನೆಗೆ ಬರುವ ದಾರಿ, ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎಐಸಿಟಿಇಯ ನಿಯಮಗಳಲ್ಲಿ ಇದೆಯಾದರೂ ಅದು ವಾರಗಳ ಲೆಕ್ಕದ್ದು, ಬಹುತೇಕ ಕಡೆ ಪ್ರಮಾಣಪತ್ರದಲ್ಲೇ ಮುಗಿಯುವಂಥದ್ದು.

ಉದ್ಯಮದ ಕಡೆಯ ತಪ್ಪನ್ನೂ ಹೇಳಬೇಕು. ನಮ್ಮವರಿಗೆ ಬೇಕಾದದ್ದು ಸಿದ್ಧ ಎಂಜಿನಿಯರು, ಅದೂ ಪುಕ್ಕಟೆಯಾಗಿ. ಇಂಟರ್ನ್ ಹುಡುಗನನ್ನು ಚಲನ್ ಬರೆಯಲು ಕೂರಿಸಿ ತಿಂಗಳು ಕಳೆಯುವ ಘಟಕಗಳು ಎಷ್ಟೋ ಇವೆ. ನಮ್ಮ ತಿರಸ್ಕಾರದ ಅಂಕಿಯನ್ನು ಹೊರಗಿನವರಿಗೆ ತೋರಿಸಲು ನಾವು ಹಿಂಜರಿಯುತ್ತೇವೆ, ಆ ಅಧ್ಯಾಪಕಿಗೂ ನಮ್ಮ ರಿಜಿಸ್ಟರ್ ಸಿಕ್ಕಿದ್ದು ಹತ್ತು ದಿನದ ಮೇಲೆಯೇ. ದೊಡ್ಡ ಕಂಪನಿಗಳ ವಿಷಯ ಬೇರೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಬೇಕಾದ ಅವು ಸಾರ್ವಜನಿಕ ವಿಶ್ವವಿದ್ಯಾಲಯಗಳ ಸಂಶೋಧನೆಗೂ ಹಣ ಕೊಡಬಹುದು. ಆದರೆ ಅಂಥ ಹಣ ಹೆಸರು ಮಾಡಿದ ಸಂಸ್ಥೆಗಳ ಕಡೆಗೆ ಹರಿಯುವಷ್ಟು ಸಲೀಸಾಗಿ ಜಿಲ್ಲಾ ಕೇಂದ್ರದ ಕಾಲೇಜುಗಳತ್ತ ಹರಿಯುವುದಿಲ್ಲ. ಸಣ್ಣ ಘಟಕಗಳಲ್ಲಿ ಹಣವಿಲ್ಲ, ಆದರೆ ಬಗೆಹರಿಯದ ಸಮಸ್ಯೆಗಳು ರಾಶಿಯಿವೆ, ಕಾಲೇಜಿಗೆ ಅದೇ ದೊಡ್ಡ ಆಸ್ತಿ.

ಹಾಗಾಗಿ ವಿಟಿಯು ಮತ್ತು ಉನ್ನತ ಶಿಕ್ಷಣ ಇಲಾಖೆಯಲ್ಲಿ ನನ್ನ ವಿನಂತಿ ಸರಳವಾದದ್ದು. ಐದು ವರ್ಷಕ್ಕೊಮ್ಮೆ ಒಂದು ಸೆಮಿಸ್ಟರನ್ನು ಅಧ್ಯಾಪಕರು ಸಂಬಳಸಹಿತವಾಗಿ ತಮ್ಮ ಜಿಲ್ಲೆಯ ಯಾವುದಾದರೂ ಘಟಕದಲ್ಲಿ ಕಳೆಯುವಂತಾಗಲಿ. ಅಲ್ಲಿ ಅವರು ಬಿಡಿಸಿದ, ಅಥವಾ ಬಿಡಿಸಲು ಹೋಗಿ ಸೋತ, ಒಂದು ಸಮಸ್ಯೆಯ ವರದಿಗೆ ಬಡ್ತಿಯಲ್ಲಿ ಸಂಶೋಧನಾ ಪ್ರಬಂಧದಷ್ಟೇ ತೂಕ ಸಿಗಲಿ. ಅವರು ಹಿಂತಿರುಗಿದ ಮೇಲೆ ಅಂತಿಮ ವರ್ಷದ ಪ್ರಾಜೆಕ್ಟುಗಳನ್ನು ಅಂಗಡಿಯಿಂದ ಕೊಳ್ಳುವ ಅವಮಾನಕರ ರೂಢಿಯೂ ತಾನಾಗಿ ಕಡಿಮೆಯಾದೀತು, ಏಕೆಂದರೆ ಮಾರ್ಗದರ್ಶಕರಿಗೇ ಕೈಯಲ್ಲೊಂದು ಜೀವಂತ ಸಮಸ್ಯೆ ಇರುತ್ತದೆ.

ನಮ್ಮ ಮಾಲೀಕರೊಂದಿಗೆ ಮಾತನಾಡಿಯೇ ಇದನ್ನು ಬರೆಯುತ್ತಿದ್ದೇನೆ: ಬರುವ ಸೆಮಿಸ್ಟರಿನಿಂದ ಒಬ್ಬ ಅಧ್ಯಾಪಕರಿಗೆ ನಮ್ಮ ಮರಳು ಪ್ರಯೋಗಾಲಯದಲ್ಲಿ ಒಂದು ಮೇಜು, ಒಂದು ಜತೆ ಸುರಕ್ಷತಾ ಬೂಟು, ತಿರಸ್ಕಾರದ ರಿಜಿಸ್ಟರ್ ಸಿದ್ಧವಾಗಿರುತ್ತವೆ. ಈ ಸಲ ರಿಜಿಸ್ಟರನ್ನು ಮೊದಲ ದಿನವೇ ಕೊಡುತ್ತೇವೆ.

ಇತಿ,
ಫೌಂಡ್ರಿ ಎಂಜಿನಿಯರ್ ಒಬ್ಬರು,
ಉದ್ಯಮಬಾಗ, ಬೆಳಗಾವಿ